ಕಳ್ಳಕಿಸೆ

ನಮ್ಮ ಬಾರ್ಸಿಲೋನಾ ಪ್ರವಾಸದ ಮೊದಲ ಸಿದ್ಧತೆ ನಡೆದದ್ದು ಮಾಣಿ ಪೇಟೆಯ ಟೈಲರಂಗಡಿಯಲ್ಲಿ. ಇವರ ಎರಡು ಪ್ಯಾಂಟುಗಳಿಗೆ ಸೊಂಟಪಟ್ಟಿಯ ಒಳಬದಿಗೆ ಒಂದೊಂದು ಕಳ್ಳಕಿಸೆ ಆಗಬೇಕಿತ್ತು. ಪಾಸ್‌ಪೋರ್ಟ್ ಮಡಚದೆ ಹೋಗುವಷ್ಟು ಅಗಲ, ಬಾಯಿಗೆ ಜಿಪ್ಪು, ಜಿಪ್ಪಿನ ಮೇಲೆ ಮುಚ್ಚಳದ ಹಾಗೆ ಇನ್ನೊಂದು ತುಂಡು ಬಟ್ಟೆ, ಅದಕ್ಕೊಂದು ಗುಂಡಿ. ಇಷ್ಟೆಲ್ಲ ವಿವರ ಕೇಳಿದ ಟೈಲರು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು "ದಾಯೆಗ್ ಅಣ್ಣೆರೆ?" ಎಂದ. ಯಾಕೆಂದು ಇವರು ಹೇಳಿದರು. ಯುರೋಪಿನ ಆ ಊರಲ್ಲಿ ಕಿಸೆಗಳ್ಳರ ಕಾಟ ವಿಪರೀತ ಅಂತೆ, ಮಗಳು ಫೋನಿನಲ್ಲಿ ಹೇಳಿದ್ದು.

"ಪುತ್ತೂರು ಜಾತ್ರೆಯಲ್ಲಿ ಪರ್ಸು ಹೋದಾಗ ಈ ಬುದ್ಧಿ ಬರಲಿಲ್ಲ ಅಲ್ವಾ?" ಎಂದು ಆತ ನಕ್ಕ.

ಅದು ಸುಳ್ಳಲ್ಲ. ಹಲವು ವರ್ಷಗಳ ಹಿಂದೆ ಏಪ್ರಿಲ್ 17ರ ರಾತ್ರಿ, ಮಹಾಲಿಂಗೇಶ್ವರನ ಬ್ರಹ್ಮರಥ ಎಳೆಯುವ ಹೊತ್ತಿಗೆ, ಪೊಲೀಸರ ಮೈಕು "ಜೇಬುಗಳ್ಳರಿದ್ದಾರೆ, ನಿಮ್ಮ ಸೊತ್ತು ನೀವೇ ಜಾಗ್ರತೆ" ಎಂದು ಕೂಗುತ್ತಿದ್ದ ಹಾಗೆಯೇ ಇವರ ಪರ್ಸು ಮಾಯವಾಗಿತ್ತು. ಮೈಕಿನ ಆ ಮಾತು ಕೇಳಿದವರೆಲ್ಲ ತಮ್ಮ ತಮ್ಮ ಪರ್ಸು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಾರೆ, ಕಳ್ಳನಿಗೆ ಅಷ್ಟು ಸಾಕು, ಯಾವ ಕಿಸೆ ಎಂದು ಗೊತ್ತಾಗಿಬಿಡುತ್ತದೆ. ಇದು ಇವರ ಆವತ್ತಿನ ಸಂಶೋಧನೆ. ಒಂದು ವಾರದ ಮೇಲೆ ಡ್ರೈವಿಂಗ್ ಲೈಸೆನ್ಸು ಅಂಚೆಯಲ್ಲಿ ಮನೆಗೆ ಬಂತು. ಹಣ ತೆಗೆದುಕೊಂಡ ಪುಣ್ಯಾತ್ಮ ಉಳಿದದ್ದನ್ನು ಅಂಚೆ ಡಬ್ಬಕ್ಕೆ ಹಾಕಿದ್ದ. "ಕಳ್ಳನಾದರೂ ಮರ್ಯಾದಸ್ಥ" ಎಂದು ಇವರು ಈಗಲೂ ಅವನನ್ನು ಹೊಗಳುವುದುಂಟು.

ಕಳ್ಳನಿಂದ ಕಾಪಾಡುವ ಕಿಸೆಗೆ ಕಳ್ಳಕಿಸೆ ಎಂದು ಹೆಸರಿಟ್ಟವರು ಯಾರೋ. ಕಿಸೆ ಇರುವುದು ಗಂಡಸರಿಗೆ, ಕಳ್ಳಕಿಸೆ ಇರುವುದೂ ಗಂಡಸರಿಗೆ. ನಮ್ಮ ಅತ್ತೆಗೆ ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆಯ ಚೀಲವೇ ಬ್ಯಾಂಕು. ಎಲೆ, ಅಡಿಕೆ, ಸುಣ್ಣದ ಡಬ್ಬಿಗಳ ಅಡಿಯಲ್ಲಿ ನಾಲ್ಕಾಗಿ ಮಡಚಿದ ನೋಟು. ಅದನ್ನು ಕದಿಯಬೇಕಾದರೆ ಮೊದಲು ಅತ್ತೆಯನ್ನೇ ಎತ್ತಿಕೊಂಡು ಹೋಗಬೇಕಾಗಿತ್ತು. ನನ್ನ ಕಾಲಕ್ಕೆ ವ್ಯಾನಿಟಿ ಬ್ಯಾಗು ಬಂತು. ಆ ಬ್ಯಾಗಿಗೆ ಏನಾದರೂ ವ್ಯವಸ್ಥೆ ಬೇಕೆಂದು ಟೈಲರಿಗಾಗಲಿ ಇವರಿಗಾಗಲಿ ನನಗಾಗಲಿ ಹೊಳೆಯಲಿಲ್ಲ.

ಮಗಳು, ಅಳಿಯ ಇರುವುದು ನೆದರ್‌ಲ್ಯಾಂಡ್ಸಿನ ಐಂದ್‌ಹೋವನ್‌ನಲ್ಲಿ. ಮೇ ತಿಂಗಳಲ್ಲಿ ನಾವು ಹೋದೆವು. ಅದಕ್ಕಿಂತ ಮೊದಲು ಅಡಿಕೆ ಸುಲಿಯುವುದು ಮುಗಿಯುವುದಿಲ್ಲ, ಅದಕ್ಕಿಂತ ತಡವಾದರೆ ತೋಟಕ್ಕೆ ಮದ್ದು ಬಿಡುವ ಹೊತ್ತಿಗೆ ಊರಿಗೆ ಮುಟ್ಟುವುದಿಲ್ಲ. ಅಡಿಕೆ ಕೃಷಿಕನ ವರ್ಷದಲ್ಲಿ ಯುರೋಪಿಗೆ ಇರುವ ಸಂದು ಅಷ್ಟೇ. ಅಳಿಯನಿಗೆ ರಜೆ ಇರಲಿಲ್ಲ, ಮಗಳಿಗೆ ಆಫೀಸಿನಲ್ಲಿ ಎಂಥದೋ ರಿಲೀಸು. ಹಾಗಾಗಿ ನಾಲ್ಕು ದಿನಕ್ಕೆ ನಮ್ಮಿಬ್ಬರನ್ನೇ ವಿಮಾನ ಹತ್ತಿಸಿ ಬಾರ್ಸಿಲೋನಾಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ಎರಡು ಗಂಟೆಯ ಹಾರಾಟ. ಮಾಣಿಯಿಂದ ಧರ್ಮಸ್ಥಳಕ್ಕೆ ಹೋಗಿ ಬಂದ ಹಾಗೆ, ಎಂದಳು ಮಗಳು.

ಧರ್ಮಸ್ಥಳಕ್ಕೆ ಹೋಗುವಾಗ ಯಾರೂ ನಮಗೆ ಎರಡು ದಿನ ಪಾಠ ಮಾಡಿರಲಿಲ್ಲ. ಮ್ಯಾಪು ಹಿಡಿದು ದಾರಿ ಕೇಳಿದವರ ಹತ್ತಿರ ನಿಲ್ಲಬಾರದು. ಗುಲಾಬಿ ಕೊಟ್ಟರೆ ಮುಟ್ಟಬಾರದು. ಸಹಿ ಹಾಕಿ ಎಂದು ಕಾಗದ ಚಾಚಿದರೆ ಹಾಕಬಾರದು. ಮೆಟ್ರೋದಲ್ಲಿ ಬಾಗಿಲ ಹತ್ತಿರ ನಿಲ್ಲಬಾರದು. ಫುಟ್‌ಬಾಲ್ ಆಡಿಸಿ ತೋರಿಸುತ್ತೇನೆ ಎಂದು ಕಾಲಿಗೆ ಕಾಲು ಸಿಕ್ಕಿಸುವವರೂ ಇರುತ್ತಾರಂತೆ. ಇದರ ಮೇಲೆ ವೆನಿಸ್ಸಿನ ಒಬ್ಬ ಹೆಂಗಸಿನ ವೀಡಿಯೋ ತೋರಿಸಿದಳು. 2023ರಲ್ಲಿ ಲೋಕವೆಲ್ಲ ನೋಡಿದ್ದಂತೆ ಅದು. ಕಳ್ಳಿಯರನ್ನು ಕಂಡರೆ ಸಾಕು, ಆಕೆ "ಅತೆನ್ಸಿಯೋನೆ, ಪಿಕ್‌ಪಾಕೆಟ್!" ಎಂದು ಬೀದಿ ಬಿರಿಯುವ ಹಾಗೆ ಕಿರುಚುತ್ತಾಳೆ. ಐದು ವರ್ಷದ ಮೊಮ್ಮಗ ಅದನ್ನು ಬಾಯಿಪಾಠ ಮಾಡಿಕೊಂಡ. ಅಜ್ಜ ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕಿದರೂ "ಅತೆನ್ಸಿಯೋನೆ!" ಎನ್ನುತ್ತಿದ್ದ.

ಹೀಗೆ ತಯಾರಾಗಿ ಇಳಿದ ಮೇಲೆ ಊರು ಕಾಣುವುದು ಹೇಗೆ? ಮೊದಲ ದಿನ ನಾನು ತೆಗೆದ ಫೋಟೋಗಳನ್ನು ಈಗ ನೋಡಿದರೆ ಎಲ್ಲದರಲ್ಲೂ ಇವರ ಬಲಗೈ ಸೊಂಟದ ಮೇಲೆ, ಹೊಟ್ಟೆನೋವಿನವರು ಹಿಡಿದುಕೊಂಡ ಹಾಗೆ. ಹಿಂದಿನ ಕಟ್ಟಡ ಯಾವುದು ಎಂದು ಕೇಳಿದರೆ ನಮಗಿಬ್ಬರಿಗೂ ಗೊತ್ತಿಲ್ಲ. ಮೆಟ್ರೋದಲ್ಲಿ ಇವರು ಕಂಬಕ್ಕೆ ಬೆನ್ನು ಕೊಟ್ಟು ನಿಂತರೆ ನಾನು ಎದುರು ನಿಂತು ಪಹರೆ. ಚಂದದ ಬಟ್ಟೆ ಹಾಕಿದವರನ್ನು ಕಂಡರೆ ಹೆಚ್ಚು ಸಂಶಯ, ಯಾಕೆಂದರೆ ಕಳ್ಳರು ಚಂದದ ಬಟ್ಟೆ ಹಾಕಿರುತ್ತಾರೆ ಎಂದು ಮಗಳು ಹೇಳಿದ್ದಳು. ಹರಕು ಬಟ್ಟೆಯವರನ್ನು ಕಂಡರೂ ಸಂಶಯ, ಅದು ಯಾರೂ ಹೇಳದೆಯೇ ಬಂದದ್ದು.

ಕಳ್ಳಕಿಸೆಯ ನಿಜವಾದ ತೊಂದರೆ ಗೊತ್ತಾದದ್ದು ಕಾಫಿ ಅಂಗಡಿಯಲ್ಲಿ. ಇದ್ದ ಯೂರೋ ನೋಟೆಲ್ಲ ಒಳಗೆ. ತೆಗೆಯಬೇಕಾದರೆ ಬೆಲ್ಟು ಸಡಿಲಿಸಿ, ಗುಂಡಿ ಬಿಚ್ಚಿ, ಮುಚ್ಚಳ ಎತ್ತಿ, ಜಿಪ್ಪು ಎಳೆಯಬೇಕು. ನಾಲ್ಕು ಜನರ ಎದುರು ಮಾಡುವ ಕೆಲಸವೇ ಅದು? ಶೌಚಾಲಯಕ್ಕೆ ಹೋಗಿ ತೆಗೆಯೋಣ ಎಂದರೆ ಅದು ಕಾಫಿ ಕುಡಿದವರಿಗೆ ಮಾತ್ರ. ಕಾಫಿ ಕುಡಿಯಬೇಕಾದರೆ ಮೊದಲು ದುಡ್ಡು ಕೊಡಬೇಕು. ಕೌಂಟರಿನ ಹುಡುಗಿ ಇವರ ಒದ್ದಾಟ ನೋಡಿ ಅರ್ಜೆಂಟು ಎಂದು ತಿಳಿದು, ಪಾಪ, ಬೇಗ ಬೇಗ ಬಾಗಿಲು ತೋರಿಸಿದಳು.

"ಇನ್ನು ಚಿಲ್ಲರೆ ಎಲ್ಲ ನಿನ್ನ ಬ್ಯಾಗಿನಲ್ಲಿ ಇರಲಿ ಮಾರಾಯ್ತಿ" ಎಂದರು ಹೊರಗೆ ಬಂದು. ಹಾಗೆ ಎಪ್ಪತ್ತು ಯೂರೋ ನನ್ನ ಬ್ಯಾಗಿನೊಳಗಿನ ಕೆಂಪು ಪರ್ಸಿಗೆ ಬಂತು.

ಲಾ ರಾಂಬ್ಲಾ ಎಂಬ ಬೀದಿಯ ಹೆಸರು ಕೇಳಿರಬಹುದು. ಕ್ಯಾಟಲೂನ್ಯಾ ಚೌಕದಿಂದ ಬಂದರಿನ ಕೊಲಂಬಸ್ ಕಂಬದ ತನಕ ಸುಮಾರು 1.2 ಕಿಲೋಮೀಟರು, ಎರಡೂ ಬದಿ ಸಾಲುಮರ, ನಡುವೆ ಜನರ ಸಂತೆ. ಅರಬ್ಬಿಯಲ್ಲಿ ಮರಳು ಎನ್ನುವುದಕ್ಕೆ ಇರುವ ಮಾತಿನಿಂದ ಆ ಹೆಸರು ಬಂದದ್ದಂತೆ. ಅಲ್ಲಿ ಮೊದಲು ಮಳೆಗಾಲಕ್ಕೆ ಮಾತ್ರ ನೀರು ಹರಿದು, ಬೇಸಗೆಯಲ್ಲಿ ಬರಿ ಮರಳಾಗಿ ಬಿದ್ದಿರುತ್ತಿದ್ದ ತೋಡು ಇತ್ತು. "ತೋಡು ಮುಚ್ಚಿ ಪೇಟೆ ಮಾಡಿದ್ದಾ? ಹಾಗಾದರೆ ನಮ್ಮವರೇ" ಎಂದು ಇವರಿಗೆ ಆ ಊರಿನ ಮೇಲೆ ಮೊದಲ ಬಾರಿ ಪ್ರೀತಿ ಹುಟ್ಟಿತು. ನೀರು ಹೋಗಿ ಈಗ ಜನ ಹರಿಯುತ್ತಾರೆ. ಹರಿಯುವ ಜನರಲ್ಲಿ ಅರ್ಧದಷ್ಟು ಮಂದಿಯ ಕೈ ತಮ್ಮ ತಮ್ಮ ಚೀಲದ ಮೇಲೆ.

ಆ ಗಲಾಟೆಯಲ್ಲಿ ನನ್ನ ಹೆಗಲಿನ ಶಾಲು ಜಾರಿದ್ದು ನನಗೆ ಗೊತ್ತಾಗಲಿಲ್ಲ. ಹಿಂದಿನಿಂದ ಯಾರೋ ತೋಳು ಮುಟ್ಟಿದರು. ನಾನು ಬ್ಯಾಗನ್ನು ಎದೆಗೆ ಅವಚಿ "ಹೋಗು ಹೋಗು!" ಎಂದು ಕನ್ನಡದಲ್ಲೇ ಚೀರಿಬಿಟ್ಟೆ. ಇಪ್ಪತ್ತು ವರ್ಷದ ಹುಡುಗ, ಕೈಯಲ್ಲಿ ನನ್ನ ಶಾಲು. "ಆಂಟೀಜಿ, ಆಪ್‌ಕಾ" ಎಂದವನು ನನ್ನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಆ ಬೀದಿಯ ಪಕ್ಕದ ಕೇರಿಗಳಲ್ಲಿ ಪಾಕಿಸ್ತಾನ, ಬಾಂಗ್ಲಾದೇಶದಿಂದ ಬಂದವರ ಅಂಗಡಿಗಳು ಬೇಕಾದಷ್ಟಿವೆ, ಅಲ್ಲಿಯವನೇ ಇರಬೇಕು. ಶಾಲನ್ನು ಪಕ್ಕದ ಕಟ್ಟೆಯ ಮೇಲೆ ಇಟ್ಟು, ಎರಡೂ ಕೈ ಬರಿದು ಮಾಡಿ ತೋರಿಸಿ, ಹೊರಟುಹೋದ. ಅಂಥ ಮುಖ ನಾನು ಯಾವಾಗ ಕಲಿತೆ ಎಂದು ರಾತ್ರಿ ಹೋಟೆಲಿನ ಕನ್ನಡಿಯಲ್ಲಿ ನೋಡಿಕೊಂಡೆ.

ಕೊಲಂಬಸ್ ಕಂಬದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 1888ರದ್ದು, ಅರವತ್ತು ಮೀಟರು ಎತ್ತರ, ಮೇಲೆ ಅವನು ಸಮುದ್ರದ ಕಡೆ ಬೆರಳು ತೋರಿಸಿಕೊಂಡು ನಿಂತಿದ್ದಾನೆ. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಒಳ್ಳೆಮೆಣಸಿನ ಬಳ್ಳಿ ಹಬ್ಬಿಸಿರುವುದರಿಂದ ಇವರಿಗೆ ಈ ಆಸಾಮಿಯ ಮೇಲೆ ಒಂದು ಹಕ್ಕು. ಬುಡದಲ್ಲಿ ನಿಂತು ಕತ್ತೆತ್ತಿ ಹೇಳಿದರು: "ಒಳ್ಳೆಮೆಣಸು ಹುಡುಕಿ ಹೊರಟವ ಹಸಿಮೆಣಸು ಹಿಡ್ಕೊಂಡು ಬಂದ. ಪೇಟೆಗೆ ಸಾಮಾನಿಗೆ ಕಳಿಸಿದರೆ ನಾನು ಮಾಡುವುದೂ ಅದನ್ನೇ. ನನ್ನ ಪ್ರತಿಮೆ ಯಾರು ಇಟ್ಟಿದ್ದಾರೆ?"

ಎರಡನೆಯ ದಿನ ಮಧ್ಯಾಹ್ನ ಒಂದು ಪಾರ್ಕಿನಲ್ಲಿ ಕುಳಿತಿದ್ದೆವು. ಮರದ ಮೇಲೆ ಹಸಿರು ಗಿಳಿಗಳ ಗದ್ದಲ. ದಕ್ಷಿಣ ಅಮೆರಿಕದಿಂದ ಸಾಕಲು ತಂದವು ತಪ್ಪಿಸಿಕೊಂಡು ಊರು ತುಂಬಿವೆಯಂತೆ. ಇವರು ಬೂಟು ಕಳಚಿ ಕಾಲು ಚಾಚಿದ್ದರು. ಆಗ "ಪಚಕ್" ಎಂದು ಇವರ ಹೆಗಲಿನ ಮೇಲೆ ಏನೋ ಬಿತ್ತು. ನೋಡಿದರೆ ಹಳದಿ ಬಿಳಿ ಮಿಶ್ರದ ಹಿಕ್ಕೆ, ಹೆಗಲಿನಿಂದ ಬೆನ್ನಿಗೆ ಇಳಿಯುತ್ತಾ ಇದೆ.

"ಅಯ್ಯೋ, ಕಾಗೆ!" ಎಂದೆ ನಾನು. ನನ್ನ ಬಾಯಿಗೆ ಬೇರೆ ಹಕ್ಕಿಯ ಹೆಸರು ಬರುವುದಾದರೂ ಹೇಗೆ? ಕಾಗೆ ಹಿಕ್ಕೆ ಹಾಕಿದರೆ ಉಟ್ಟ ಬಟ್ಟೆಯಲ್ಲೇ ಮೀಯಬೇಕು, ಶನಿದೇವರಿಗೆ ಎಳ್ಳೆಣ್ಣೆ ದೀಪ ಇಡಬೇಕು ಎಂದು ಬೆಳೆದವಳು ನಾನು. ಪರದೇಶದಲ್ಲಿ ಈ ಅಪಶಕುನವನ್ನು ಎಲ್ಲಿ ತೊಳೆಯುವುದು ಎಂದು ನಾನು ಗಾಬರಿಬಿದ್ದರೆ ಪಕ್ಕದಲ್ಲಿ ಆಗಲೇ ಒಬ್ಬ ಹೆಂಗಸು ಕೈಯಲ್ಲಿ ಕಾಗದದ ಟವೆಲು ಹಿಡಿದು ನಿಂತಿದ್ದಾಳೆ. ಮಗಳ ಪ್ರಾಯ, ತಲೆಗೆ ಟೊಪ್ಪಿ, ಮುಖದ ತುಂಬ ಅಯ್ಯೋ ಪಾಪ. "ಬರ್ಡ್, ಬರ್ಡ್" ಎಂದು ಮೇಲೆ ತೋರಿಸಿ ಇವರ ಬೆನ್ನು ಒರೆಸತೊಡಗಿದಳು. ಅವಳ ಜೊತೆಗಾರ ಪ್ಯಾಂಟಿನ ಮೇಲೂ ಬಿದ್ದಿದೆ ಎಂದು ಬೆರಳು ತೋರಿಸಿದ.

ಪ್ಯಾಂಟು ಎಂದ ಕೂಡಲೇ ನಾವು ಎಚ್ಚೆತ್ತೆವು! ಇವರು ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡರು. ನಾನು ಬ್ಯಾಗನ್ನು ಬೆಂಚಿನ ಮೇಲಿಟ್ಟು, ಅದರಿಂದ ನೀರಿನ ಬಾಟಲಿ, ಬೈರಾಸು ತೆಗೆದು, ಅವಳ ಕೈಗೂ ಇವರ ಸೊಂಟಕ್ಕೂ ನಡುವೆ ನಿಂತು, ನಾನೇ ಒರೆಸಿದೆ. ಅವಳ ಕೈ ಎಲ್ಲಿ ಹೋಗುತ್ತದೆ ಎಂದು ಕಣ್ಣು ಕೀಳದೆ ನೋಡುತ್ತಿದ್ದೆ. ಒಂದು ಸಲವೂ ಅದು ಸೊಂಟದ ಹತ್ತಿರ ಬರಲಿಲ್ಲ. ಮೂರು ನಿಮಿಷದಲ್ಲಿ ಎಲ್ಲ ಮುಗಿಯಿತು. ಅವರಿಬ್ಬರೂ ಕೈ ಬೀಸಿ ಹೋದರು. ಇವರು ಗುಂಡಿ ಮುಟ್ಟಿ ನೋಡಿಕೊಂಡರು. ಪಾಸ್‌ಪೋರ್ಟ್ ಉಂಟು, ನೋಟು ಉಂಟು. "ಸುಮ್ಮನೆ ಸಂಶಯ ಪಟ್ಟೆವು. ಎಷ್ಟು ಒಳ್ಳೆ ಜನ" ಎಂದರು.

ಆಮೇಲೆ ಶರಟಿನ ಹೆಗಲನ್ನು ಮೂಗಿಗೆ ಎಳೆದು ಮೂಸಿದರು. ಮತ್ತೊಮ್ಮೆ ಮೂಸಿದರು.

"ಇದು ಹಿಕ್ಕೆ ಅಲ್ಲ ಮಾರಾಯ್ತಿ. ಸಾಸಮೆಯ ಪರಿಮಳ."

ಸಾಸಿವೆ ಅರೆದು ಮಾಡಿದ ಎಂಥದೋ ಗೊಜ್ಜು. ನಾನು ಬ್ಯಾಗಿಗೆ ಕೈ ಹಾಕಿದೆ. ಬ್ಯಾಗು ಇತ್ತು. ಕೆಂಪು ಪರ್ಸು ಇರಲಿಲ್ಲ. ನಾವಿಬ್ಬರೂ ಸೇರಿ ಒಂದೇ ಕಿಸೆಯನ್ನು ಕಾದಿದ್ದೆವು. ಹಾಗೆ ಕಾಯುತ್ತೇವೆ ಎಂದು ನಮಗಿಂತ ಮೊದಲು ಅವರಿಗೆ ಗೊತ್ತಿತ್ತು.

ಇನ್ಶೂರೆನ್ಸಿಗೆ ಬೇಕಾಗುತ್ತದೆ, ಪೊಲೀಸ್ ಕಂಪ್ಲೇಂಟು ಕೊಟ್ಟೇ ಬನ್ನಿ ಎಂದಳು ಮಗಳು ಫೋನಿನಲ್ಲಿ. ಠಾಣೆಯಲ್ಲಿ ನಮ್ಮದೊಂದು ಪಂಕ್ತಿಯೇ ಇತ್ತು. ಕೊರಿಯಾದ ಎಳೆ ದಂಪತಿ, ಬ್ರೆಜಿಲ್‌ನ ಮುದುಕ, ಅಳುತ್ತಾ ಕೂತ ಒಬ್ಬ ಅಮೆರಿಕದ ಹುಡುಗಿ. ಸಮಾರಾಧನೆಯಲ್ಲಿ ಎಲೆ ಹಾಕುವುದನ್ನು ಕಾಯುವವರ ಹಾಗೆ ಎಲ್ಲರೂ ಗೋಡೆಗೆ ಒರಗಿ ಕುಳಿತಿದ್ದೆವು. ನಿಮ್ಮದು ಮೆಟ್ರೋನಾ, ನಮ್ಮದು ಸಾಸಿವೆ, ಎಂದು ಕೈಸನ್ನೆಯಲ್ಲಿ ಕ್ಷೇಮ ಸಮಾಚಾರ. ಎರಡು ದಿನದಲ್ಲಿ ನಾವು ಸಂಶಯವಿಲ್ಲದೆ ಮಾತನಾಡಿದ್ದು ಅವರ ಹತ್ತಿರ ಮಾತ್ರ. ಅವರದ್ದೂ ಎಲ್ಲ ಹೋಗಿತ್ತಲ್ಲ.

ಬರೆದುಕೊಂಡ ಅಧಿಕಾರಿ ಎಳೆಯ ಹುಡುಗ. ಇಂಗ್ಲಿಷು ನಮ್ಮಷ್ಟೇ. ವಿಳಾಸ ಕೇಳಿದ.

"ಮಾಣಿ" ಎಂದೆ.

"ಮನಿ? ಹೌ ಮಚ್?"

"ನೋ ನೋ. ಮನಿ ನಾಟ್ ಮನಿ. ಮಾಣಿ, ವಿಲೇಜ್."

ಇನ್ನೂ ಗೊಂದಲವಾಗಲಿ ಎಂದೋ ಏನೋ, ಇವರು ನಡುವೆ ಬಾಯಿ ಹಾಕಿ ನಮ್ಮ ಭಾಷೆಯಲ್ಲಿ ಮಾಣಿ ಎಂದರೆ ಹುಡುಗ ಎಂದೂ ಅರ್ಥ, ಹೋಟೆಲಿನಲ್ಲಿ ಕಾಫಿ ತಂದುಕೊಡುವವನು ಎಂದೂ ಅರ್ಥ ಎಂದು ವಿವರಿಸಿದರು. ಮಂಗಳೂರಿನಿಂದ ಬಂದವರು ಬಲಕ್ಕೆ ತಿರುಗಿದರೆ ಪುತ್ತೂರು, ಮಡಿಕೇರಿ, ಮೈಸೂರು, ನೇರ ಹೋದರೆ ಉಪ್ಪಿನಂಗಡಿ, ಶಿರಾಡಿ ಘಾಟಿ, ಬೆಂಗಳೂರು ಎಂದು ಮೇಜಿನ ಮೇಲೆ ಬೆರಳಿನಲ್ಲಿ ಗೆರೆಯನ್ನೂ ಎಳೆದರು. ಆ ಹುಡುಗ ತಾಳ್ಮೆಯಿಂದ ಕೇಳಿ ನಾಲ್ಕು ಅಕ್ಷರ ಬರೆದುಕೊಂಡ.

ಪರ್ಸಿನಲ್ಲಿ ಏನಿತ್ತು? ಎಪ್ಪತ್ತು ಯೂರೋ. ಓದುವ ಕನ್ನಡಕ. ಸಣ್ಣ ಡಬ್ಬಿಯಲ್ಲಿ ಚೂರು ಅಡಿಕೆ. ಇದು ಏನು ಎಂದ. ನಟ್ ಎಂದೆವು. ತಿನ್ನುವುದಾ? ಹೌದು. ನುಂಗುವುದಾ? ಇಲ್ಲ, ಉಗುಳುವುದು. ಪೆನ್ನು ನಿಲ್ಲಿಸಿ ನಮ್ಮನ್ನು ನೋಡಿದ. "ಡ್ರಗ್?" ಇವರು ಕುರ್ಚಿಯಿಂದ ಅರ್ಧ ಎದ್ದು, ತಮ್ಮ ಇಡೀ ಜೀವಮಾನದ ಬೆಳೆಯ ಮಾನ ಕಾಪಾಡಲು, "ಗಾಡ್! ಟೆಂಪಲ್! ಮ್ಯಾರೇಜ್!" ಎಂದರು. ಅವನು ಏನು ಬರೆದನೋ ದೇವರಿಗೇ ಗೊತ್ತು.

ಕೊನೆಗೆ ನಾನು ಹೇಳಿದೆ: "ಒಂದು ಬೀಗದ ಕೈ."

ಅಷ್ಟು ಹೊತ್ತು ನಗುತ್ತಿದ್ದ ಇವರು ನನ್ನ ಕಡೆ ತಿರುಗಿದರು. ಮನೆಯ ಮುಂಬಾಗಿಲ ಬೀಗದ್ದು, ನಾಲ್ಕು ಬೆರಳುದ್ದದ ಹಳೆಯ ಕಬ್ಬಿಣದ ಕೈ, ತಲೆಗೆ ಅತ್ತೆಯ ಕಾಲದ ಕೆಂಪು ದಾರ. ಅದನ್ನು ಯಾಕೆ ಬಾರ್ಸಿಲೋನಾಕ್ಕೆ ತಂದೆ ಎಂದು ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಮನೆಯ ಬೀಗದ ಕೈಯನ್ನು ಮಗಳ ಮನೆಯಲ್ಲಿ ಬಿಟ್ಟು ಬರುವುದಾದರೂ ಹೇಗೆ? ಮದುವೆಯಾಗಿ ಬಂದ ಮೂರನೆಯ ವರ್ಷ ಅತ್ತೆ ನನ್ನ ಕೈಗೆ ಕೊಟ್ಟದ್ದು, ಆವತ್ತಿನಿಂದ ನಾನು ಎಲ್ಲಿಯೋ ಅದೂ ಅಲ್ಲಿ.

ಅಧಿಕಾರಿ ಬೆಲೆಯ ಕಾಲಮಿನ ಮೇಲೆ ಪೆನ್ನು ಇಟ್ಟುಕೊಂಡಿದ್ದ. ಇವರು ಕನ್ನಡದಲ್ಲಿ ನನ್ನನ್ನು ಕೇಳಿದರು: "ಕೈಯ ಬೆಲೆ ಹೇಳುವುದಾ, ಮನೆಯ ಬೆಲೆ ಹೇಳುವುದಾ?" ಅವನು ಸೊನ್ನೆ ಹಾಕಿದ. ಹಾಕುತ್ತಾ, ಸ್ಪೇನಿನ ಕಾನೂನಿನಲ್ಲಿ ನಾನೂರು ಯೂರೋಗಿಂತ ಕಡಿಮೆಯ ಕಳವು ಸಣ್ಣ ಅಪರಾಧ, ಸಿಕ್ಕಿಬಿದ್ದರೂ ಹೆಚ್ಚಿನ ಪಕ್ಷ ದಂಡ ಅಷ್ಟೇ, ಮತ್ತೆ ಮತ್ತೆ ಕದಿಯುವವರಿಗೆ ಮಾತ್ರ 2022ರಿಂದ ಬಿಗಿ ಮಾಡಿದ್ದಾರೆ ಎಂದು ತಿಳಿಸಿದ. ನನ್ನ ಬೀಗದ ಕೈಯೂ ಆ ನಾನೂರರ ಒಳಗೇ ಬಂದುಹೋಯಿತು.

ಮೂರನೆಯ ದಿನ ಸಂಜೆ ನಾಲ್ಕಕ್ಕೆ ಸಗ್ರಾದಾ ಫಮೀಲಿಯಾ ದೇವಾಲಯದ ಟಿಕೆಟ್ ಇತ್ತು. ನನಗೆ ಹೋಗುವ ಮನಸ್ಸೇ ಇರಲಿಲ್ಲ. ದುಡ್ಡು ಕೊಟ್ಟಾಗಿದೆ, ಹೋಗದಿದ್ದರೆ ಅದು ಇನ್ನೊಂದು ಕಳವು ಎಂದು ಇವರು ಹೊರಡಿಸಿದರು. 1882ರಲ್ಲಿ ಕಲ್ಲು ಹಾಕಿ ಇನ್ನೂ ಕಟ್ಟುತ್ತಲೇ ಇರುವ ಇಗರ್ಜಿ ಅದು. ಮರುವರ್ಷ ಕೆಲಸ ವಹಿಸಿಕೊಂಡವನು ಆಂತೋನಿ ಗೌಡಿ. "ಗೌಡ್ರಾ? ಸುಳ್ಯ ಕಡೆಯವರೋ ಬೆಳ್ತಂಗಡಿಯವರೋ?" ಎಂದರು ಇವರು. ನನ್ನನ್ನು ನಗಿಸುವುದಕ್ಕೆ ಹೇಳಿದ್ದು. ನಾನು ನಗಲಿಲ್ಲ.

ನಕ್ಕದ್ದು ಲೈಸೆನ್ಸಿನ ಕತೆ ಕೇಳಿ. ಇಷ್ಟು ದೊಡ್ಡ ಕಟ್ಟಡಕ್ಕೆ ಸರಿಯಾದ ಪರವಾನಗಿಯೇ ಇರಲಿಲ್ಲವಂತೆ! 2018ರಲ್ಲಿ ನಗರಾಡಳಿತಕ್ಕೆ ಕಂತಿನಲ್ಲಿ 3.6 ಕೋಟಿ ಯೂರೋ ಕೊಡಲು ಒಪ್ಪಿ, 2019ರಲ್ಲಿ ಲೈಸೆನ್ಸು ಸಿಕ್ಕಿತು. ಕಲ್ಲು ಹಾಕಿದ 137 ವರ್ಷದ ಮೇಲೆ. ನನ್ನ ತಂಗಿಯ ಮಗ ಮನೆ ಕಟ್ಟುವ ಮೊದಲು 9/11 ಮಾಡಿಸಲು ಎಷ್ಟು ಜೊತೆ ಚಪ್ಪಲಿ ಸವೆಸಿದ್ದಾನೆ ಎಂದು ನಮಗೆ ಗೊತ್ತು. ಅಮೆರಿಕದವರಿಗೆ 9/11 ಎಂದರೆ ಒಂದು ದಿನ, ನಮ್ಮ ಜಿಲ್ಲೆಯವರಿಗೆ ಪಂಚಾಯತಿನ ಎರಡು ಫಾರಂಗಳು. ಅವನಿಗೆ ಈ ಸುದ್ದಿ ಹೇಳಬೇಕೆಂದು ಇವರು ಚೀಟಿಯಲ್ಲಿ ಬರೆದುಕೊಂಡರು.

ಒಳಗೆ ಕಾಲಿಟ್ಟೆ. ನನ್ನ ಕೈಯಲ್ಲಿ ಕಾಯುವಂಥದ್ದು ಏನೂ ಉಳಿದಿರಲಿಲ್ಲ. ಬ್ಯಾಗನ್ನು ರೂಮಿನಲ್ಲೇ ಬಿಟ್ಟು ಬಂದಿದ್ದೆ. ಹಾಗಾಗಿ ಆ ಊರಿನಲ್ಲಿ ಮೊದಲ ಬಾರಿ ಕತ್ತೆತ್ತಿ ನೋಡಿದೆ.

ಕಂಬಗಳು ಮೇಲೆ ಹೋಗುತ್ತಾ ಹೋಗುತ್ತಾ ಕೊಂಬೆ ಒಡೆಯುತ್ತವೆ. ಮರವೇ. ನಲವತ್ತೈದು ಮೀಟರು ಎತ್ತರದಲ್ಲಿ ಕೊಂಬೆಗಳು ಕೂಡಿ ಚಪ್ಪರ ಹಾಕಿವೆ. ಭಾರ ಹೆಚ್ಚು ಹೊರುವ ಕಂಬಕ್ಕೆ ಕೆಂಪು ಪಾರ್ಫಿರಿ ಕಲ್ಲು, ಕಡಿಮೆಯದಕ್ಕೆ ಕರಿಕಲ್ಲು, ಇನ್ನೂ ಕಡಿಮೆಯದಕ್ಕೆ ಬೇರೆ. ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಧ್ಯಾಹ್ನದ ಹೊತ್ತಿನಲ್ಲಿ ನಡು ತೋಟದಲ್ಲಿ ನಿಂತು ಮೇಲೆ ನೋಡಿದರೆ ಅಡಿಕೆಯ ಸೋಗೆಗಳ ಸಂದಿನಿಂದ ಬೆಳಕು ಹೇಗೆ ಬೀಳುತ್ತದೋ ಹಾಗೆಯೇ ಬೀಳುತ್ತಿತ್ತು. ಪಡುವಣ ಕಿಟಕಿಗಳ ಗಾಜೆಲ್ಲ ಕೆಂಪು, ಕಿತ್ತಳೆ. ಸಂಜೆಯ ಬಿಸಿಲು ಅದರಲ್ಲಿ ಹಾದು ನೆಲ, ಕಂಬ, ಜನರ ಮುಖ ಎಲ್ಲ ಆರತಿಯ ಬೆಳಕಿನಲ್ಲಿ ಇದ್ದ ಹಾಗೆ.

ನನಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೆನಪಾಯಿತು. ಶಾಲೆಯ ಪ್ರವಾಸದಲ್ಲಿ ಹೋದಾಗ ಮಾಸ್ಟ್ರು ಒಂದು ಕಂಬದ ಹಾಗೆ ಇನ್ನೊಂದು ಕಂಬ ಇಲ್ಲ, ಬೇಕಾದರೆ ಹುಡುಕಿ ಎಂದು ನಮ್ಮನ್ನು ಬಿಟ್ಟಿದ್ದರು. ನಾವು ಹುಡುಗಿಯರು ಇಡೀ ಮಧ್ಯಾಹ್ನ ಕಂಬದಿಂದ ಕಂಬಕ್ಕೆ ಓಡಿದ್ದೆವು. 1430ರ ಬಸದಿ ಅದು. ಮುಂದಿನ ಭೈರಾದೇವಿ ಮಂಟಪದ ಅಡಿಗಟ್ಟಿನಲ್ಲಿ ಒಂದು ಜಿರಾಫೆ, ಒಂದು ಚೀನಾದ ಡ್ರ್ಯಾಗನ್ ಕೆತ್ತಿದ್ದಾರೆ. ಆ ಕಾಲಕ್ಕೆ ನಮ್ಮ ಕಲ್ಲುಕುಟಿಗನಿಗೆ ಜಿರಾಫೆಯ ಸುದ್ದಿ ಯಾರು ತಂದರೋ. ಬಂದರಿಗೆ ಬಂದ ಯಾವನೋ ಪರದೇಶದವನು ಕೈ ಎತ್ತಿ "ಇಷ್ಟು ಉದ್ದ ಕುತ್ತಿಗೆ" ಎಂದು ತೋರಿಸಿರಬೇಕು. ಅವನನ್ನು ಕಂಡು ಯಾರೂ ಸೊಂಟ ಹಿಡಿದುಕೊಂಡಿರಲಿಕ್ಕಿಲ್ಲ.

ತಿರುಗಿ ನೋಡಿದರೆ ಇವರು ಎರಡೂ ಕೈ ಜೋಡಿಸಿ ನಿಂತಿದ್ದಾರೆ. ದೇವರು ಯಾವುದಾದರೂ ಇವರದ್ದು ಅದೇ ಅಭ್ಯಾಸ. ಕೈ ಮುಗಿಯಲು ಎರಡು ಕೈ ಬೇಕಲ್ಲ. ಸೊಂಟ ಅನಾಥವಾಗಿತ್ತು. ನಾನು ಏನೂ ಹೇಳಲಿಲ್ಲ, ಒಂದು ಫೋಟೋ ತೆಗೆದೆ.

ಗೌಡಿಯ ಸಮಾಧಿ ಇರುವುದು ಅಲ್ಲೇ ನೆಲಮಾಳಿಗೆಯಲ್ಲಿ. ಅವನ ಕೊನೆಯ ದಿನಗಳ ಕತೆಯನ್ನು ಕಿವಿಗೆ ಸಿಕ್ಕಿಸಿದ ಯಂತ್ರ ಹೇಳಿತು. 1926ರ ಜೂನ್ 7ರ ಸಂಜೆ, ದಿನವೂ ಹೋಗುವ ಹಾಗೆ ಪ್ರಾರ್ಥನೆಗೆ ನಡೆದು ಹೋಗುತ್ತಿದ್ದಾಗ ಟ್ರಾಮು ಹೊಡೆಯಿತು. ಎಪ್ಪತ್ಮೂರು ವರ್ಷ, ಹಳೆಯ ಸವೆದ ಬಟ್ಟೆ, ಕಿಸೆಯಲ್ಲಿ ಯಾರು ಏನು ಎಂದು ಹೇಳುವ ಒಂದು ಕಾಗದ ಇಲ್ಲ. ಯಾರೋ ಭಿಕ್ಷುಕ ಎಂದುಕೊಂಡರು. ಟ್ಯಾಕ್ಸಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಪೊಲೀಸೊಬ್ಬ ಬಡವರ ಆಸ್ಪತ್ರೆಗೆ ಸೇರಿಸಿದ. ಮರುದಿನ ಇಗರ್ಜಿಯ ಪಾದ್ರಿ ಹುಡುಕಿಕೊಂಡು ಹೋಗಿ ಗುರುತು ಹಿಡಿಯುವ ಹೊತ್ತಿಗೆ ತಡವಾಗಿತ್ತು. 10ನೇ ತಾರೀಕು ತೀರಿಕೊಂಡ. ಈ ಇಗರ್ಜಿಯ ಗಂಟೆಗೋಪುರಗಳಲ್ಲಿ ಪೂರ್ತಿ ಮುಗಿದದ್ದೆಂದು ಅವನು ನೋಡಿದ್ದು ಒಂದೇ ಒಂದನ್ನು.

ಆ ಕಿಸೆಯ ವಿಷಯ ಇವರಿಗೆ ನಾಟಿತು. "ಪಾಸ್‌ಪೋರ್ಟ್ ಹೋಗುವಷ್ಟು ಕಿಸೆ ಹೊಲಿಸಿದ್ದೇನೆ ನಾನು" ಎಂದು ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತರು.

ಕೊನೆಯ ದಿನ ಊರು ಸಾಕಾಗಿ ರೈಲು ಹತ್ತಿ ವಿಲಾಫ್ರಾಂಕಾ ಎಂಬ ಸಣ್ಣ ಪೇಟೆಯ ಕಡೆಗೆ ಹೋದೆವು. ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಇವರು ನಿಜವಾಗಿ ನೋಡಿದ್ದು ಅದೊಂದನ್ನೇ. ಎರಡೂ ಬದಿ ದ್ರಾಕ್ಷಿತೋಟ, ಕೆಂಪು ಮಣ್ಣು, ಸಾಲು ಸಾಲು ಗಿಡ. ಪೇಟೆಯಿಂದ ಸ್ವಲ್ಪ ನಡೆದು ಒಂದು ತೋಟದ ಬದಿಗೆ ಬಂದಾಗ ಇವರು ಬಗ್ಗಿ ಒಂದು ಎಲೆಯನ್ನು ತಿರುಗಿಸಿದರು. ಎಲೆಯ ಮೇಲೆ ತಿಳಿನೀಲಿ ಚುಕ್ಕೆಗಳು. ಬೆರಳಿನಿಂದ ಉಜ್ಜಿದರು, ಬೆರಳಿಗೆ ಹತ್ತಿತು. ನಲವತ್ತು ಮಳೆಗಾಲ ಅದೇ ನೀಲಿ ಹತ್ತಿದ ಬೆರಳು ಅದು.

"ಮೈಲುತುತ್ತು!" ಎಂದರು. ನೆಂಟರನ್ನು ಕಂಡ ಹಾಗೆ.

ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು. ಅಡಿಕೆಯ ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ಮದ್ದಿನ ಲೆಕ್ಕ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬೋರ್ಡೋ ಎನ್ನುವುದು ಫ್ರಾನ್ಸಿನ ಊರು ಎಂದು ಮಾತ್ರ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ತೋಟದ ಕಟ್ಟೆಯ ಮೇಲೆ ಕುಳಿತು ಇವರು ನನಗೆ ಅದರ ಕತೆ ಹೇಳಿದರು. ವಿಟ್ಲದ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರದಲ್ಲಿ ನಡೆದ ಕೃಷಿಕರ ಸಭೆಯಲ್ಲಿ ಹಿಂದೆ ಯಾವಾಗಲೋ ಕೇಳಿದ್ದಂತೆ. ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಬೇಲಿ ಬದಿಯ ದ್ರಾಕ್ಷಿ ಕಿತ್ತು ತಿನ್ನುತ್ತಿದ್ದರು. ಕಾಟ ತಡೆಯಲಾರದೆ ರೈತರು ರಸ್ತೆ ಬದಿಯ ಗಿಡಗಳಿಗೆ ಮಾತ್ರ ಮೈಲುತುತ್ತು, ಸುಣ್ಣ ಕಲಸಿ ಎರಚಿದರು. ನೋಡಿದರೆ ಹೇಸಿಗೆ, ಬಾಯಿಗಿಟ್ಟರೆ ಕಹಿ. 1882ರಲ್ಲಿ ಆ ದಾರಿಯಲ್ಲಿ ಬಂದ ಮಿಲಾರ್ಡೆ ಎಂಬ ಪ್ರೊಫೆಸರು ನೋಡುತ್ತಾನೆ, ಬೂಜುರೋಗ ಬಂದು ಒಳಗಿನ ಗಿಡಗಳ ಎಲೆಯೆಲ್ಲ ಉದುರಿದೆ, ರಸ್ತೆ ಬದಿಯವು ಮಾತ್ರ ಹಸಿರಾಗಿ ನಿಂತಿವೆ. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಆಮೇಲೆ ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಅದನ್ನು ಅಡಿಕೆಯ ಕೊಳೆರೋಗಕ್ಕೆ ಹಿಡಿದ. ನಾವು ಉಳಿದುಕೊಂಡೆವು.

"ದ್ರಾಕ್ಷಿ ಕಳ್ಳರು ಇಲ್ಲದಿದ್ದರೆ ನಮ್ಮ ತೋಟ ಇಲ್ಲ" ಎಂದು ಮುಗಿಸಿದರು. ಎರಡು ದಿನದಿಂದ ಮುಖ ಊದಿಸಿಕೊಂಡಿದ್ದ ನನಗೆ ಹೇಳುವುದಕ್ಕೆಂದೇ ನೆನಪು ಮಾಡಿಕೊಂಡದ್ದೋ ಏನೋ. ಅಷ್ಟರಲ್ಲಿ ತೋಟದ ಯಜಮಾನ ದೂರದಿಂದ ನಮ್ಮನ್ನೇ ದಿಟ್ಟಿಸುತ್ತಾ ಬರುವುದು ಕಂಡಿತು. ಎಲೆ ಬಿಟ್ಟು, ಎರಡೂ ಕೈ ಬರಿದು ಮಾಡಿ ತೋರಿಸಿ, ಅಲ್ಲಿಂದ ಕಾಲ್ತೆಗೆದೆವು.

ಊರಿಗೆ ಬಂದು ಇಳಿಯುವಾಗ ಮುಂಗಾರಿನ ಮೊದಲ ಮೋಡ. ಕಲ್ಲಡ್ಕದಲ್ಲಿ ಕಾರು ನಿಲ್ಲಿಸಿ ಕೆಟಿ, ಅಂದರೆ ಕಲ್ಲಡ್ಕ ಟೀ, ಕುಡಿದೆವು. ಹಾಲು ಬೇರೆ, ಡಿಕಾಕ್ಷನ್ ಬೇರೆ ನಿಂತ ಗ್ಲಾಸನ್ನು ಎತ್ತುವಾಗ ಇವರ ಎಡಗೈ ಬೆಂಚಿನ ಮೇಲಿತ್ತು, ಮೊಬೈಲು ಅದರ ಪಕ್ಕ, ಪರ್ಸು ಶರಟಿನ ಕಿಸೆಯಲ್ಲಿ ಅರ್ಧ ಹೊರಗೆ. ಮೈದುನ ತನ್ನ ಹತ್ತಿರ ಇದ್ದ ಇನ್ನೊಂದು ಬೀಗದ ಕೈ ಹಿಡಿದು ಮನೆಯಂಗಳದಲ್ಲಿ ಕಾಯುತ್ತಿದ್ದ. ಬಾಗಿಲು ತೆರೆಯಿತು.

"ಅತ್ತಿಗೆ, ನಾಳೆಯೇ ಬೀಗ ಬದಲಿಸಿ" ಎಂದ. "ಒಂದು ಕೈ ಕಳ್ಳರ ಹತ್ತಿರ ಉಂಟಲ್ಲ."

ಇವರು ಜಗಲಿಯಲ್ಲಿ ಕೂತು ಬೂಟು ಬಿಚ್ಚುತ್ತಿದ್ದರು. "ಬೇಡ ಬೇಡ" ಎಂದರು. "ಬರುವುದಾದರೆ ಬರಲಿ. ಮಾಣಿಯಲ್ಲಿ ಇಳಿದು ಯಾರನ್ನು ಕೇಳಿದರೂ ಮನೆ ತೋರಿಸ್ತಾರೆ."

ಮರುದಿನ ಮೈದುನನ ಕೈಯನ್ನು ನಾನೇ ಇಟ್ಟುಕೊಂಡೆ. ಅದಕ್ಕೆ ಕಟ್ಟಲು ಕೆಂಪು ದಾರ ಸಿಗಲಿಲ್ಲ. ಅಡಿಕೆ ಗೋಣಿ ಹೊಲಿಯುವ ಹುರಿ ಕಟ್ಟಿದ್ದೇನೆ.